ಅಣ್ಣನ ಎಡಗಾಲಿನ ಹಿಮ್ಮಡಿ

ಕೂತಲ್ಲಿ ಕೂರಲಾರದವಳು ನಾನು. ಬಸ್ಸಿನಲ್ಲಿ ಇಳಿಯುವ ಊರು ಇನ್ನೂ ದೂರ ಇರುವಾಗಲೇ ಎದ್ದು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿರುತ್ತೇನೆ. ಕುಶಾಲನಗರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಪ್ರಶ್ನೆ ಕೇಳಿ, ಮಕ್ಕಳು ಯೋಚಿಸುವಷ್ಟರಲ್ಲಿ ನಾನೇ ಉತ್ತರವನ್ನೂ ಹೇಳಿ ಮುಗಿಸುತ್ತೇನೆ. ಇಂಥವಳಿಗೆ ಸಿಕ್ಕಿದ ಅಣ್ಣ ಎಂಥವನು ಗೊತ್ತೇ? ಸೋಮವಾರಪೇಟೆಯಿಂದ ಮೇಲೆ, ನಮ್ಮ ಅಪ್ಪ ಮಾಡಿಟ್ಟ ಅರೇಬಿಕಾ ತೋಟದಲ್ಲಿ, ಒಂದು ಲೋಟ ಕಾಫಿಯನ್ನು ಅದು ಆರಿ ತಣ್ಣಗಾಗುವ ತನಕ ಕುಡಿಯುವವನು. ಯಾವ ವಿಷಯಕ್ಕೂ ಅವನ ಉತ್ತರ ಒಂದೇ, "ನೋಡಣ ಬಿಡು."

ಅವನು ಅವಸರ ಮಾಡುವುದು ಬೋರರ್ ವಿಷಯದಲ್ಲಿ ಮಾತ್ರ. ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳ ಅದು. ಹೊರಗಿನಿಂದ ನೋಡಿದರೆ ಗಿಡ ಚೆನ್ನಾಗೇ ಇರುತ್ತದೆ. ತೊಗಟೆಯ ಮೇಲೆ ಬಳೆ ಹಾಕಿದಂತೆ ಸಣ್ಣ ಉಬ್ಬು ಎದ್ದಿದ್ದರೆ ಒಳಗೆ ಹುಳ ಇದೆ ಎಂದರ್ಥ. ಮಳೆ ನಿಂತ ಮೇಲೆ ಸಾಲು ಹಿಡಿದು ಒಂದೊಂದೇ ಗಿಡದ ಕಾಂಡ ಸವರಿಕೊಂಡು ಹೋಗಿ, ಉಬ್ಬು ಕಂಡ ಗಿಡಕ್ಕೆ ಸುಣ್ಣದ ಗುರುತು ಹಾಕಿ, ಅವತ್ತೇ ಕಿತ್ತು ಸುಡಬೇಕು. ಇದಕ್ಕೆ ತೋಟದ ಭಾಷೆಯಲ್ಲಿ ಟ್ರೇಸಿಂಗ್ ಅನ್ನುತ್ತಾರೆ. ಅಣ್ಣ ಇದನ್ನು ಆಳುಗಳಿಗೆ ಬಿಡದೆ ಅವರ ಜೊತೆ ತಾನೂ ಹೋಗುತ್ತಿದ್ದ. ಅವನ ಹೆಬ್ಬೆರಳಿಗೆ ಸಿಗದ ಉಬ್ಬು ಇಲ್ಲ ಎಂದು ಲೈನ್ ಮನೆಗಳಲ್ಲಿರುವ ತೋಟದ ಆಳುಗಳು ಹೇಳುತ್ತಿದ್ದರು.

ಆ ವರ್ಷ ಮಳೆ ಬಿಟ್ಟ ಒಂದು ಭಾನುವಾರ ನಾನು ತೋಟಕ್ಕೆ ಹೋದಾಗ ಅಣ್ಣ ಊಟ ಮಾಡಿ ಜಗಲಿಯ ಬೆಂಚಿನ ಮೇಲೆ ಮಲಗಿದ್ದ. ಪಾದಗಳು ಬೆಂಚಿನಿಂದಾಚೆ ಚಾಚಿದ್ದವು. ನಮ್ಮಲ್ಲಿ ಹಬ್ಬಕ್ಕೆ, ಪರೀಕ್ಷೆಗೆ, ಪ್ರಯಾಣಕ್ಕೆ, ಎಲ್ಲಕ್ಕೂ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುವ ರೂಢಿ. ಅಣ್ಣನ ಪಾದವನ್ನು ನಾನು ಎಷ್ಟು ಸಲ ಮುಟ್ಟಿಲ್ಲ! ಆದರೆ ಮುಟ್ಟುವುದು ಮೇಲ್ಭಾಗವನ್ನು. ಅಂಗಾಲನ್ನು ಯಾರು ನೋಡುತ್ತಾರೆ? ಅವತ್ತು ನೋಡಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಕಪ್ಪು ಕಲೆ. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಂದು, ಅಂಚು ನೇರವಿಲ್ಲ, ಚೆಲ್ಲಿದ ಕಷಾಯ ನೆಲದ ಮೇಲೆ ಹರಡಿದ ಹಾಗೆ. ಮಧ್ಯೆ ಸ್ವಲ್ಪ ಒಡೆದು ಒದ್ದೆಯಾಗಿತ್ತು.

ನಾನು ಅವನನ್ನು ಅಲುಗಾಡಿಸಿ ಎಬ್ಬಿಸಿದೆ. "ಇದೇನಿದು?"

"ಗೇರು ಕಣೇ," ಎಂದ ಕಣ್ಣು ಬಿಡದೆ.

ಗೇರು ಅಂದರೆ ಕರಿಗೇರು. ಕಾಲಿಗೆ ಮುಳ್ಳು ಮುರಿದರೆ, ಆಣಿ ಎದ್ದರೆ, ನಮ್ಮ ಕಡೆ ಕರಿಗೇರಿನ ಕಾಯನ್ನು ದಬ್ಬಳಕ್ಕೆ ಚುಚ್ಚಿ ದೀಪದ ಉರಿಗೆ ಹಿಡಿಯುತ್ತಾರೆ. ಜಿನುಗುವ ಎಣ್ಣೆಯನ್ನು ಬಿಸಿಬಿಸಿಯಾಗಿ ಆ ಜಾಗಕ್ಕೆ ಒತ್ತುತ್ತಾರೆ. ಚುರ್ ಅನ್ನುತ್ತದೆ, ಕಪ್ಪು ಕಲೆ ಉಳಿಯುತ್ತದೆ. ನನ್ನ ಕಾಲಿಗೂ ಅಮ್ಮ ಹಾಕಿದ್ದಳು. ಹಾಗಾಗಿ ನಮ್ಮೂರಿನ ಯಾವ ಅಂಗಾಲಿನಲ್ಲಿ ಕಪ್ಪು ಕಂಡರೂ ಯಾರಿಗೂ ಗಾಬರಿ ಇಲ್ಲ, ಗೇರು ಅಂದರೆ ಮುಗಿಯಿತು.

ಅಡಿಗೆಮನೆಯಿಂದ ಅತ್ತಿಗೆ ಬಂದಳು. "ಹೋದ ವರ್ಷ ಆಣಿ ಥರ ಇತ್ತು, ಗೇರು ಮುಟ್ಟಿಸ್ದೆ. ಹೋಗ್ಲಿಲ್ಲ ಅಂತ ಮತ್ತೆ ಮುಟ್ಟಿಸ್ದೆ. ಈ ಮಳೇಲೂ ಒಂದ್ಸಾರಿ ಆಯ್ತು," ಎಂದಳು.

"ಗೇರಿನ ಕಲೆ ದೊಡ್ಡದಾಗುತ್ತಾ ಹೋಗುತ್ತಾ ಅತ್ತಿಗೆ?"

"ಮತ್ತೆ ಮತ್ತೆ ಹಾಕಿದ್ರೆ ಆಗದೇ ಇರತ್ತಾ?"

ಅವಳ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಕಲೆ ಬೆಳೆದಾಗಲೆಲ್ಲ ಅದರ ಮೇಲೆ ಇನ್ನೊಂದು ಕಲೆ ಬಿದ್ದಿತ್ತು. ಯಾವುದು ಹಾಕಿದ್ದು, ಯಾವುದು ತಾನಾಗಿ ಬೆಳೆದದ್ದು ಎಂದು ಹೇಳುವವರು ಯಾರು? ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. "ನಾಳೆ ಮೈಸೂರಿಗೆ ಹೊರಡು," ಎಂದೆ. "ನೋಡಣ ಬಿಡು," ಎಂದ. ಅವತ್ತು ನಾನು ಕೂಗಾಡಿದ್ದು ಲೈನ್ ಮನೆಗಳವರೆಗೂ ಕೇಳಿಸಿರಬೇಕು. ಕೊನೆಗೆ ನನ್ನ ಬಾಯಿ ಮುಚ್ಚಿಸಲೆಂದೇ ಅವನು ಹೊರಟ.

ಮೈಸೂರಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹೆಂಗಸು. ಕಲೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬರುವ ತನಕ ನಾನು ಪಾಠ ಮಾಡಿದ ಪ್ರತಿ ತರಗತಿಯಲ್ಲೂ ಸೀಮೆಸುಣ್ಣ ಮುರಿದುಹೋಗಿದೆ. ಎರಡನೆಯ ಸಲ ಹೋದಾಗ ಅವರು ನೇರವಾಗಿ ಹೇಳಿದರು. ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ ಏಳುವ ಕ್ಯಾನ್ಸರ್. ನಮ್ಮ ಜನಕ್ಕೆ ಬಂದರೆ ಬಿಸಿಲು ಬೀಳುವ ಜಾಗಕ್ಕಿಂತ ಅಂಗಾಲಿನಲ್ಲಿ, ಉಗುರಿನ ಕೆಳಗೆ ಬರುವುದೇ ಹೆಚ್ಚು. ಹಿಮ್ಮಡಿಯ ಆ ಭಾಗವನ್ನು ಅಗಲವಾಗಿ ಕತ್ತರಿಸಿ ತೆಗೆಯಬೇಕು, ತಡಮಾಡಬಾರದು.

"ಗೇರಿಂದ ಬಂತಾ?" ಅಣ್ಣ ಕೇಳಿದ.

"ಹಾಗೆ ಹೇಳಕ್ಕಾಗಲ್ಲ ಸರ್. ಆದ್ರೆ ಗೇರಿಂದ ಮುಚ್ಚಿಹೋಗಿತ್ತು."

ಅಣ್ಣ ತಲೆಯಾಡಿಸಿದ. ನನಗೆ ಅಷ್ಟು ಸಾಲಲಿಲ್ಲ. ಇಷ್ಟು ವರ್ಷ ಜೀನ್ ಬಗ್ಗೆ ಪಾಠ ಮಾಡಿದವಳು ನಾನು. ಕೆಟ್ಟ ಕೋಶವನ್ನು ತಡೆಯುವ ಜೀನ್‌ಗಳು ಮನುಷ್ಯನಿಗೆ ಇವೆಯಲ್ಲ, ಅವೆಲ್ಲಿ ಹೋಗಿದ್ದವು ಎಂದು ಕೇಳಿದೆ. ಜಗಳ ಮಾಡುವವಳ ಹಾಗೆ ಕೇಳಿದ್ದೆ ಅಂತ ಆಮೇಲೆ ಅನ್ನಿಸಿತು. ಡಾಕ್ಟರು ಬೇಸರಪಡದೆ ಕಾಗದವೊಂದನ್ನು ಮಗುಚಿ ಉದ್ದನೆಯ ಗೆರೆ ಎಳೆದರು.

"ಕೆಲವು ಜೀನ್ ಒಡೆದುಹೋಗಿರುತ್ವೆ, ಅಕ್ಷರಾನೇ ತಪ್ಪಾಗಿರತ್ತೆ. ಇನ್ನು ಕೆಲವು ಸರಿಯಾಗೇ ಇರ್ತವೆ ಮೇಡಂ, ಒಂದಕ್ಷರಾನೂ ಕೆಟ್ಟಿರಲ್ಲ. ಆದ್ರೆ ಜೀನ್ ಶುರುವಾಗೋ ಜಾಗದಲ್ಲಿ ಮೀಥೈಲ್ ಗುರುತುಗಳು ಗುಂಪಾಗಿ ಬಂದು ಕೂತ್ಕೊಳ್ತವೆ. ಆಗ ಅದನ್ನ ಓದೋದಕ್ಕೆ ಬರೋ ಪ್ರೋಟೀನ್‌ಗಳು ಹತ್ರ ಬರಕ್ಕಾಗಲ್ಲ. ಜೀನ್ ಇರತ್ತೆ, ಮಾತಾಡಲ್ಲ."

ಮೀಥೈಲ್ ನನಗೆ ಗೊತ್ತಿತ್ತು. ಒಂದು ಕಾರ್ಬನ್ನು, ಅದಕ್ಕೆ ಮೂರು ಹೈಡ್ರೋಜನ್ನು. ಅದಕ್ಕಿಂತ ಸಣ್ಣ ಗುರುತು ಇರಲಾರದು. ಅದು ಶತ್ರುವೂ ಅಲ್ಲ. ಕಣ್ಣಿನ ಕೋಶದಲ್ಲೂ ಹಿಮ್ಮಡಿಯ ಕೋಶದಲ್ಲೂ ಇರುವುದು ಅದೇ ಡಿಎನ್‌ಎ. ಕಣ್ಣಿನ ಕೆಲಸದ ಜೀನ್ ಹಿಮ್ಮಡಿಯಲ್ಲಿ ಮಾತಾಡತೊಡಗಿದರೆ ಮೈ ನಡೆಯುವುದು ಹೇಗೆ? ಎಲ್ಲಿ ಯಾವುದು ಸುಮ್ಮನಿರಬೇಕು ಎಂದು ಗೊತ್ತುಮಾಡಲು ದೇಹ ಬಳಸುವ ಗುರುತುಗಳಲ್ಲಿ ಇದೂ ಒಂದು. ಗರ್ಭದಿಂದಲೂ ನಡೆದುಕೊಂಡು ಬಂದ ವ್ಯವಸ್ಥೆ. ಕ್ಯಾನ್ಸರಿನಲ್ಲಿ ಅದೇ ಗುರುತು ಕೂರಬಾರದ ಕಡೆ ಕೂರುತ್ತದೆ. ಕೋಶ ಹುಚ್ಚಾಗಿ ಇಬ್ಭಾಗವಾಗತೊಡಗಿದಾಗ ನಿಲ್ಲು ಅನ್ನಬೇಕಾದ ಜೀನ್, ತೀರ ಕೆಟ್ಟ ಕೋಶಕ್ಕೆ ನೀನು ಸಾಯಿ ಅನ್ನಬೇಕಾದ ಜೀನ್, ಇಂಥವುಗಳ ಬಾಯಿ ಕಟ್ಟುತ್ತದೆ. ಕೋಶ ಎರಡಾದಾಗ ಗುರುತೂ ನಕಲಾಗುತ್ತದೆ, ಮರಿಕೋಶ ಹುಟ್ಟುವಾಗಲೇ ಮೂಕ.

"ಆ ಗುರುತು ತೆಗೆಯೋದಕ್ಕೆ ಔಷಧಿ ಇಲ್ವಾ?"

"ರಕ್ತದ ಕೆಲವು ಕ್ಯಾನ್ಸರಿಗೆ ಅಂಥ ಔಷಧಿ ಕೊಡ್ತಾರೆ. ಇದಕ್ಕೆ ಅದನ್ನ ನಂಬಿ ಕೂರೋ ಹಾಗಿಲ್ಲ. ನಿಮ್ಮಣ್ಣನ ಕಾಲಲ್ಲಿ ಯಾವ ಜೀನ್ ಸುಮ್ನಾಗಿದೆ ಅಂತ ನಾವು ನೋಡಿಲ್ಲ, ಈಗ ಅದು ಬೇಕಾಗೂ ಇಲ್ಲ. ಈಗ ಬೇಕಾಗಿರೋದು ಆಪರೇಷನ್."

ಇಷ್ಟರಲ್ಲಿ ಅಣ್ಣನ ಕಿವಿಗೆ ಬಿದ್ದಿದ್ದು ಜೀನ್ ಎಂಬ ಒಂದೇ ಮಾತು. "ಅಂದ್ರೆ ಇದು ಮನೆತನದ್ದಾ?" ಎಂದ. ಅವನ ಮುಖ ಮೊದಲ ಸಲ ಬಿಳಿಚಿತು. ಕ್ಯಾನ್ಸರ್ ಅಂದಾಗ ಅಷ್ಟು ಹೆದರಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅವನ ಒಬ್ಬಳೇ ಮಗಳಿಗೆ ಅರಕಲಗೂಡಿನ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಆ ವಾರ ಬಿಟ್ಟು ಇನ್ನೊಂದು ವಾರಕ್ಕೆ ನಿಶ್ಚಯ. ಗಂಡಿನ ಕಡೆಯವರು ವಿಚಾರಿಸುವುದರಲ್ಲಿ ಬಲು ಗಟ್ಟಿ. ನಮ್ಮ ಅಜ್ಜ ಯಾವುದರಲ್ಲಿ ತೀರಿಕೊಂಡರು ಎನ್ನುವುದನ್ನೂ ಕೇಳಿಕೊಂಡು ಹೋಗಿದ್ದರು.

ಡಾಕ್ಟರು ಬಿಡಿಸಿ ಹೇಳಿದರು. ಇಂಥದ್ದು ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವುದಲ್ಲ, ಆ ಗುರುತುಗಳು ಹಿಮ್ಮಡಿಯ ಆ ಕೋಶಗಳ ಮೇಲೆ ಬದುಕಿನ ನಡುವೆ ಎಲ್ಲೋ ಬಂದು ಕೂತದ್ದು, ಮಗಳಿಗೆ ನೀವು ಕೊಟ್ಟದ್ದರಲ್ಲಿ ಅವಿಲ್ಲ. ನಾನು ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಇನ್ನೂ ಸುಲಭ ಮಾಡಿ ಹೇಳಿದೆ. ಅಣ್ಣ ಹೊರಗೆ ನೋಡುತ್ತಾ ಕೇಳಿದ. ಕುಶಾಲನಗರ ಹತ್ತಿರವಾದಾಗ ಬಾಯಿ ಬಿಟ್ಟ.

"ನೀ ಹೇಳದು ನಂಗೆ ಅರ್ಥ ಆಯ್ತು. ಅರಕಲಗೂಡಿನವರಿಗೆ ಅರ್ಥ ಮಾಡಿಸ್ತೀಯಾ? ನಿಶ್ಚಯ ಮುಗೀಲಿ, ಕೊಯ್ಸಣ. ಅಲ್ಲೀತನಕ ಯಾರಿಗೂ ಹೇಳಕೂಡದು. ಮಗೂಗೂ ಹೇಳಕೂಡದು. ನನ್ನ ಮೇಲಾಣೆ ಇಡು."

ಇಟ್ಟೆ. ಮಾತು ನುಂಗಿ ಅಭ್ಯಾಸವಿಲ್ಲದವಳಿಗೆ ಆ ದಿನಗಳು ಹೇಗಿದ್ದವು ಎಂದು ಹೇಳಲಾರೆ. ಸ್ಟಾಫ್ ರೂಮಿನಲ್ಲಿ ಕೂತರೆ ಮೈ ತುರಿಸುತ್ತಿತ್ತು. ಹಾರಂಗಿ ಹೊಳೆಯ ಕಡೆಗೆ ನಡೆಯಲು ಹೋದರೆ ಅರ್ಧದಿಂದಲೇ ತಿರುಗಿ ಬರುತ್ತಿದ್ದೆ. ಅಣ್ಣನ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಸಂಜೆ ಸೀರೆ ಫೋಟೋ ಕಳಿಸಿ, "ಅತ್ತೆ, ಹಸಿರಾ ನೇರಳೆಯಾ?" ಎಂದು ಕೇಳುತ್ತಿದ್ದಳು. ಹಸಿರು ಎಂದು ಬರೆದು ಫೋನು ಮಗುಚಿಡುತ್ತಿದ್ದೆ. ಇಲ್ಲಿ ನಾವು ಬಣ್ಣ ಆರಿಸುತ್ತಿದ್ದೇವೆ, ಅಲ್ಲಿ ಆ ಕೋಶಗಳು ಎರಡು ನಾಲ್ಕಾಗುತ್ತಿವೆ, ಅವುಗಳನ್ನು ತಡೆಯುವ ಜೀನ್ ಪಕ್ಕದಲ್ಲೇ ಕೂತು ಬಾಯಿ ಬಿಡುತ್ತಿಲ್ಲ. ಈ ಯೋಚನೆ ಬಂದರೆ ಕೈಗೆ ಸಿಕ್ಕ ಪಾತ್ರೆಯನ್ನು ತಿಕ್ಕತೊಡಗುತ್ತಿದ್ದೆ, ಅದು ಎಷ್ಟೇ ಬೆಳ್ಳಗಿದ್ದರೂ.

ನಿಶ್ಚಯಕ್ಕೆ ಮುಂಚಿನ ಶನಿವಾರ ತಡೆಯಲಾರದೆ ತೋಟಕ್ಕೆ ಹೋದೆ. ಟ್ರೇಸಿಂಗ್ ನಡೆಯುತ್ತಿತ್ತು. ಎಡಗಾಲಿನ ಬೆರಳುಗಳ ಮೇಲೆ ಭಾರ ಹಾಕಿ ಕುಂಟುತ್ತಾ ಅಣ್ಣ ಸಾಲು ಹಿಡಿದಿದ್ದ. ನೋಡುತ್ತಿದ್ದಂತೆ ಒಂದು ಗಿಡದ ಮುಂದೆ ನಿಂತ. ತುಂಬ ಕಾಯಿ ಬಿಟ್ಟ ಗಿಡ, ಇನ್ನೇನು ಕೆಲವು ವಾರಕ್ಕೆ ಕೊಯ್ಲು. ಕಾಂಡ ಸವರಿದ, ಹೆಬ್ಬೆರಳು ಒಂದು ಕಡೆ ನಿಂತಿತು. "ಕೀಳ್ರೋ," ಎಂದ ಹಿಂದಿದ್ದವರಿಗೆ.

"ಕಾಯಿ ಹಣ್ಣಾಗ್ಲಿ ಅಂತಲಾದರೂ ಬಿಡಬಾರದಾ?" ಎಂದೆ ನಾನು, ಬೇಕಂತಲೇ.

"ಬಿಟ್ರೆ ಪಕ್ಕದ ಗಿಡಕ್ಕೆ ಹೋಗ್ತದೆ."

"ಗಿಡಕ್ಕೆ ಒಂದು ದಿನ ತಡೆಯಲ್ಲ ನೀನು. ಕಾಲಿಗೆ ನಿಶ್ಚಯ ಮುಗೀಬೇಕು."

"ಗಿಡಕ್ಕೆ ಮದುವೆ ಮಾಡೋ ಮಗಳಿಲ್ಲ ಕಣೇ," ಎಂದ. ಮುಂದಿನ ಗಿಡಕ್ಕೆ ಕೈ ಹಾಕಿ, ನನ್ನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದ. "ನಿಶ್ಚಯ ಅಲ್ಲ, ಮದುವೇನೇ ಮುಗೀಲಿ ಅಂತ ನಾನೂ ನಿಮ್ಮತ್ತಿಗೇನೂ ಮಾತಾಡ್ಕಂಡಿದೀವಿ. ಕಾಲು ಕಟ್ಕಂಡು ಧಾರೆ ಎರೆಯಕ್ಕಾಗಲ್ಲ."

ಮದುವೆ ಇನ್ನೂ ಮಾಘ ಮಾಸದಲ್ಲಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಕಾಂಡ ಸವರುತ್ತಾ ಮುಂದೆ ಹೋದ.

ನಿಶ್ಚಯದ ದಿನ ಬೆಳಿಗ್ಗೆ ಗಂಡಿನ ಕಡೆಯವರು ಎರಡು ಕಾರಿನಲ್ಲಿ ಬಂದರು. ಹುಡುಗ ಒಳ್ಳೆಯವನ ಹಾಗೆ ಕಂಡ, ಮಾತು ಕಡಿಮೆ. ತಿಂಡಿ ಆಯಿತು, ಹಜಾರದಲ್ಲಿ ಜಮಖಾನ ಹಾಸಿ ಎಲ್ಲರೂ ಕೂತರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ತಾಂಬೂಲ ಬದಲಾಯಿಸುವ ಮುಂಚೆ ಹುಡುಗಿ ತಂದೆತಾಯಿಯ ಪಾದ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ನಮಸ್ಕರಿಸಬೇಕು. ನನ್ನ ನಿಶ್ಚಯದಲ್ಲಿ ನಾನೂ ಮಾಡಿದ್ದೆ. ಅಣ್ಣ ಅದನ್ನು ತಪ್ಪಿಸಲು ನೋಡಿದ. ಹೊತ್ತಾಯಿತು, ಇವತ್ತು ಹಾಗೇ ನಮಸ್ಕಾರ ಮಾಡಲಿ ಎಂದ. ಗಂಡಿನ ತಾಯಿಯೇ, "ಎಲ್ಲಾದ್ರೂ ಉಂಟಾ? ಮನೆ ಪದ್ಧತಿ ಬಿಡಬಾರದು, ಮಾಡ್ಲಿ," ಎಂದುಬಿಟ್ಟರು.

ಹುಡುಗಿ ಹಸಿರು ಸೀರೆಯಲ್ಲಿ ಹಿತ್ತಾಳೆ ತಟ್ಟೆ ಮುಂದಿಟ್ಟುಕೊಂಡು ಕೂತಳು. ಅಣ್ಣ ಬಲಗಾಲು ಇಟ್ಟ. ತೊಳೆದಳು. ಎಡಗಾಲು ಪಂಚೆಯ ಒಳಗೇ ಇತ್ತು. ಅವಳು ಕಾದಳು. ಅತ್ತಿಗೆ, "ಇರ್ಲಿ ಬಿಡು ಮಗ, ಒಂದು ಸಾಕು," ಎಂದಳು. ಅವಳು ನಕ್ಕು, "ಒಂದು ಕಾಲಿಗೆ ಮಾಡ್ತಾರೇನಮ್ಮ?" ಎಂದು ಪಂಚೆಯ ಕೆಳಗಿಂದ ಎಡಗಾಲನ್ನು ಎಳೆದುಕೊಂಡಳು. ಹಿಮ್ಮಡಿಗೆ ಅಂಗೈ ಕೊಟ್ಟು ಎತ್ತಿದಳು. ಅವಳ ನಗು ನಿಂತುಹೋಯಿತು. ಅಂಗೈ ಬಿಡಿಸಿ ನೋಡಿದಳು, ರಕ್ತ. ಕಾಲನ್ನು ಬೆಳಕಿಗೆ ಹೊರಳಿಸಿದಳು. ಎಲ್ಲರೂ ನೋಡುತ್ತಿದ್ದರು.

"ಇದೇನಪ್ಪಾ?"

ಹೇಳಬೇಕಾಗಿದ್ದವರು ಮೂರು ಜನ ಅಲ್ಲೇ ಇದ್ದೆವು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು. ನಾನು, ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನಾನು, ಬಾಯಿ ತೆರೆದೆ. ಮಾತು ಇತ್ತು, ಪೂರ್ತಿ ಇತ್ತು, ಇಷ್ಟು ದಿನ ಹಗಲೆಲ್ಲ ಒಳಗೇ ಹೇಳಿಕೊಂಡದ್ದು. ಹೊರಗೆ ಬರಲಿಲ್ಲ. ಗಂಡಿನ ತಂದೆಯ ಮುಖ, ಗಂಡಿನ ತಾಯಿಯ ಮುಖ, ಅಣ್ಣನ ಮೇಲಿಟ್ಟ ಆಣೆ, ಎಲ್ಲ ಬಂದು ಗಂಟಲಲ್ಲಿ ಕೂತಿದ್ದವು.

ಅಣ್ಣನೇ ಹೇಳಿದ. "ಕ್ಯಾನ್ಸರಂತೆ ಮಗಳೇ. ನಿನ್ನ ಮದುವೆ ಆಗ್ಲಿ ಅಂತಿದ್ದೆ."

ಆಮೇಲೆ ನಾನು ಮಾತಾಡಿದೆ, ಬೇಕಾದ್ದಕ್ಕಿಂತ ಹೆಚ್ಚು. ಇದು ಮನೆತನದ ರೋಗವಲ್ಲ, ಮೀಥೈಲ್ ಎಂಬುದು ಅಂಟುವುದು ಹೇಗೆ, ಹುಡುಗಿಗೆ ಬಂದಿಲ್ಲ, ಡಾಕ್ಟರ ಹತ್ತಿರ ಬೇಕಾದರೆ ಮಾತಾಡಿಸುತ್ತೇನೆ. ಗಂಡಿನ ತಂದೆ ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಮನೇಲಿ ಒಂದ್ಸಾರಿ ಕೂತು ಮಾತಾಡ್ತೀವಿ," ಎಂದು ಎದ್ದರು. ಹುಡುಗ ಹೊಸಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಊಟಕ್ಕೆ ನಿಲ್ಲಲಿಲ್ಲ.

ಅಣ್ಣ ತಲೆ ಬಗ್ಗಿಸಿ ಕೂತಿದ್ದ. "ನನ್ನ ಕಾಲಿಂದ ಆಗಿಹೋಯ್ತು," ಎಂದ. ಹುಡುಗಿ ಅಳುತ್ತಾಳೆ ಅಂದುಕೊಂಡೆ. ಅವಳು ಮೊದಲು ಆ ಕಾಲನ್ನು ತೊಳೆದು ಮುಗಿಸಿದಳು. ವಿಭೂತಿ ಹಚ್ಚಿದಳು, ಹೂವಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಗೊತ್ತಿದ್ದೂ ಸುಮ್ನಿದ್ರಾ ಅತ್ತೆ? ನೀವು?" ಎಂದಳು. ಅವಳೇ ಕಾರಿನ ಕೀಲಿ ತಂದಳು. ನಿಶ್ಚಯದ ಸೀರೆಯಲ್ಲೇ ಡ್ರೈವ್ ಮಾಡಿದಳು. ಅವತ್ತು ಸಂಜೆ ಹೊತ್ತಿಗೆ ಅಣ್ಣ ಮೈಸೂರಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದ.

ಹಿಮ್ಮಡಿಯ ದೊಡ್ಡ ಭಾಗ ತೆಗೆದರು, ತೊಡೆಯ ಚರ್ಮ ತಂದು ಹೊಲಿದರು. ತೊಡೆಸಂದಿಯ ಒಂದು ಗಂಟಿನಲ್ಲೂ ಕಾಯಿಲೆ ಕಂಡಿತು. ಅದನ್ನೂ ತೆಗೆದಿದ್ದಾರೆ, ಔಷಧಿ ನಡೆಯುತ್ತಿದೆ, ಆಗಾಗ ಸ್ಕ್ಯಾನ್. ಮುಂದೆ ಹೇಗೆ ಎಂದರೆ ಡಾಕ್ಟರು, "ನೋಡೋಣ," ಅನ್ನುತ್ತಾರೆ. ಇಷ್ಟು ವರ್ಷ ಅಣ್ಣನ ಬಾಯಲ್ಲಿ ಕೇಳಿ ರೇಗುತ್ತಿದ್ದ ಮಾತನ್ನು ಈಗ ಕೈಮುಗಿದು ಕೇಳಿಕೊಂಡು ಬರುತ್ತೇನೆ. ಅರಕಲಗೂಡಿನಿಂದ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಮೊದಲೇ ಕೂಡಿತ್ತು.

ಸಂಕ್ರಾಂತಿಗೆ ತೋಟಕ್ಕೆ ಹೋದೆ. ಹಣ್ಣು ಕೊಯ್ಯುವ ಪಿಕಿಂಗ್ ಕಾಲ, ಕಣದ ತುಂಬ ಕಾಫಿ ಒಣಗುತ್ತಿತ್ತು. ಲೈನ್ ಮನೆಯವರು, ಅಕ್ಕಪಕ್ಕದ ಮನೆಯವರು ಎಳ್ಳುಬೆಲ್ಲ ಹಿಡಿದು ಬಂದು ಜಗಲಿಯ ಮುಂದೆ ಸಾಲಾಗಿ ನಿಂತಿದ್ದರು. ಅಣ್ಣ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ, ಊರುಗೋಲು ಪಕ್ಕದಲ್ಲಿ. ಏಕೋ ಸಾಲು ಮುಂದೆ ಸರಿಯುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಕಾಲಿಗೆ ಬೀಳಲು ಬಗ್ಗಿದ ಹೆಂಗಸಿಗೆ ಅಣ್ಣ ಹೇಳುತ್ತಿದ್ದ, "ನಂದು ಆಮೇಲೆ ಮುಟ್ಟುವಂತೆ. ಮೊದ್ಲು ನಿಂದು ತೋರ್ಸು. ಎದುರಿನ ಬೆಂಚಿನ ಮೇಲೆ ಕೂತ್ಕ." ಅವಳು ನಾಚಿಕೊಂಡು, ನಕ್ಕು, ಮಣ್ಣು ಒರೆಸಿಕೊಂಡು ಅಂಗಾಲು ತೋರಿಸಿದಳು. ಅವಳ ಹಿಂದಿದ್ದವರೂ ತೋರಿಸಿದರು. ಗೇರಿನ ಕಲೆ ಇದ್ದ ಒಬ್ಬ ಮುದುಕನನ್ನು ಅಣ್ಣನ ಮಗಳು ಪಕ್ಕಕ್ಕೆ ಕೂರಿಸಿ ಮಾತಾಡಿಸುತ್ತಿದ್ದಳು.

ನನ್ನ ಸರದಿ ಬಂತು. ನಾನು ಅವನ ಪಾದಕ್ಕೆ ಬಗ್ಗಿದೆ.

"ತೋರ್ಸು," ಎಂದ.

ಅಣ್ಣನ ಕೈಗೆ ಕಾಲು ಕೊಡುವುದೇ? ಗೊತ್ತಿಲ್ಲದೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಅಣ್ಣನ ಕಾಲನ್ನು ಡಾಕ್ಟರಿಗೆ ತೋರಿಸಬೇಕೆಂದು ಕೂಗಾಡಿದವಳು, ಬೆಂಚಿನ ಮೇಲೆ ಕೂತವಳೇ ನನ್ನ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡೆ. ಮೈಸೂರಿಗೆ ಹೋಗಿ ಬಂದ ದಿನದಿಂದ ನನ್ನ ಅಂಗಾಲನ್ನು ನಾನೇ ನೋಡಿಕೊಂಡಿರಲಿಲ್ಲ. ಹೆದರಿಕೆ. ಅಮ್ಮ ಹಾಕಿದ ಗೇರು ಅಲ್ಲೆಲ್ಲೋ ಇತ್ತು.

"ಕೊಡೇ," ಎಂದ ಅಣ್ಣ, ಮೆತ್ತಗೆ.

ಕೊಟ್ಟೆ. ಅವನು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ಹೊರಳಿಸಿದ. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳಿನವರೆಗೆ ಮೆಲ್ಲಗೆ ಸವರಿದ, ಉಗುರುಗಳನ್ನು ಒಂದೊಂದಾಗಿ ನೋಡಿದ. ಹೆಬ್ಬೆರಳು ಒಂದು ಕಡೆ ನಿಂತಿತು. ಮತ್ತೆ ಮುಂದೆ ಸರಿಯಿತು. ಇನ್ನೊಂದು ಕಾಲನ್ನೂ ಹಾಗೇ ನೋಡಿದ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ಅಲ್ಲಿಂದ ಎದ್ದು ಹೋಗಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

"ಏನಿಲ್ಲ," ಎಂದ. ಸೀರೆಯ ಅಂಚನ್ನು ತಾನೇ ಎಳೆದು ಪಾದ ಮುಚ್ಚಿದ. "ಎದ್ದೇಳು. ಹಿಂದೆ ಜನ ಕಾಯ್ತಾವ್ರೆ."